ಎರಿಟ್ರಿಯ: ಯುದ್ಧ ಗೆದ್ದ ಮೇಲೂ ಎರಡು ವರ್ಷ ಕಾದದ್ದೇಕೆ?

ಪ್ರಶ್ನೆ: ಎರಿಟ್ರಿಯದ ಹೋರಾಟಗಾರರು 1991ರ ಮೇ ತಿಂಗಳಲ್ಲೇ ಇಥಿಯೋಪಿಯದ ಸೇನೆಯನ್ನು ಸೋಲಿಸಿ ತಮ್ಮ ರಾಜಧಾನಿ ಅಸ್ಮಾರ ನಗರವನ್ನು ವಶಪಡಿಸಿಕೊಂಡರೆಂದು ಓದಿದ್ದೇನೆ. ಆದರೆ ಆ ದೇಶ ಸ್ವತಂತ್ರವಾದ ವರ್ಷವೆಂದು ಎಲ್ಲೆಡೆ 1993 ಎಂದಿದೆ. ನಡುವಿನ ಎರಡು ವರ್ಷ ಏನು ನಡೆಯಿತು? ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ದೇಶದಿಂದ ಅದು ಬಿಡಿಸಿಕೊಂಡದ್ದು ಶಸ್ತ್ರಬಲದಿಂದಲೋ, ವಿಶ್ವಸಂಸ್ಥೆಯ ನೆರವಿನಿಂದಲೋ? ನೈಜೀರಿಯದ ಬಯಾಫ್ರದಂಥ ಹೋರಾಟಗಳು ನೆಲಕಚ್ಚಿದಾಗ ಇದು ಮಾತ್ರ ದಡ ಮುಟ್ಟಿದ್ದು ಹೇಗೆ?

ಉತ್ತರ: ಬಂದೂಕು ಎರಿಟ್ರಿಯನ್ನರಿಗೆ ನೆಲವನ್ನು ಗಳಿಸಿಕೊಟ್ಟಿತು, ರಾಷ್ಟ್ರವೆಂಬ ಮನ್ನಣೆಯನ್ನು ಗಳಿಸಿಕೊಟ್ಟದ್ದು ಇಥಿಯೋಪಿಯದ ರಾಜಧಾನಿ ಆಡಿಸ್ ಅಬಾಬದ ಒಪ್ಪಿಗೆ. ಆ ಒಪ್ಪಿಗೆಯನ್ನು ಬೇರೆ ದೇಶಗಳು ಪ್ರಶ್ನಿಸಲಾಗದ ರೂಪದಲ್ಲಿ ಪಡೆಯುವುದಕ್ಕೆ ಎರಡು ವರ್ಷ ಹಿಡಿಯಿತು. ವಿಶ್ವಸಂಸ್ಥೆಯ ಪಾತ್ರವಂತೂ ನೀವು ಊಹಿಸಿರುವುದಕ್ಕೆ ಬಹುಮಟ್ಟಿಗೆ ವಿರುದ್ಧವಾದುದು. ಎರಿಟ್ರಿಯವನ್ನು ಇಥಿಯೋಪಿಯಕ್ಕೆ ಕಟ್ಟಿಹಾಕಿದ್ದೇ ವಿಶ್ವಸಂಸ್ಥೆ; ಆ ಕಟ್ಟಿನ ಷರತ್ತುಗಳನ್ನು ಒಂದೊಂದಾಗಿ ಮುರಿದಾಗ ಅದು ತುಟಿ ಬಿಚ್ಚಲಿಲ್ಲ; ಮೂವತ್ತು ವರ್ಷದ ಯುದ್ಧದುದ್ದಕ್ಕೂ ದೂರವೇ ನಿಂತು, ಕೊನೆಯಲ್ಲಿ ಜನಮತಗಣನೆಗೆ ವೀಕ್ಷಕರನ್ನು ಕಳುಹಿಸಿತು.

ಇದು ಸ್ಪಷ್ಟವಾಗಬೇಕಾದರೆ ಗಡಿಯ ವಿಚಾರದಿಂದ ಆರಂಭಿಸಬೇಕು. ಕೆಂಪು ಸಮುದ್ರದ ದಂಡೆಯ ಅಸಾಬ್ ಕೊಲ್ಲಿಯ ಜಾಗವನ್ನು ಇಟಲಿಯ ಒಂದು ಹಡಗು ಕಂಪನಿ 1869ರಲ್ಲಿ ಕೊಂಡಿತು. 1885ರಲ್ಲಿ ಇಟಲಿಯ ಸೇನೆ ಮಸಾವ ಬಂದರಿಗೆ ಇಳಿಯಿತು. 1890ರ ಜನವರಿ 1ರಂದು ಎರಿಟ್ರಿಯ ಎಂಬ ವಸಾಹತಿನ ಘೋಷಣೆಯಾಯಿತು. ಅಲ್ಲಿಂದ ದಕ್ಷಿಣಕ್ಕೆ ವಿಸ್ತರಿಸಲು ಹೊರಟ ಇಟಲಿಯನ್ನು ಇಥಿಯೋಪಿಯದ ಚಕ್ರವರ್ತಿ ಮೆನೆಲಿಕನ ಸೇನೆ 1896ರಲ್ಲಿ ಅಡ್ವದ ಯುದ್ಧದಲ್ಲಿ ಧೂಳೀಪಟ ಮಾಡಿತು. ಆದರೆ ಗೆದ್ದ ಮೆನೆಲಿಕ್ ಇಟಲಿಯನ್ನು ಸಮುದ್ರದವರೆಗೆ ಅಟ್ಟಲಿಲ್ಲ. ಬದಲಿಗೆ 1900, 1902 ಮತ್ತು 1908ರಲ್ಲಿ ಆದ ಒಪ್ಪಂದಗಳ ಮೂಲಕ ವಸಾಹತಿನ ಗಡಿಯನ್ನು ಇಥಿಯೋಪಿಯ ತಾನೇ ಒಪ್ಪಿ ಸಹಿ ಹಾಕಿತು. ಅಂದು ಅಷ್ಟೇನೂ ದೊಡ್ಡದಾಗಿ ಕಾಣದ ಈ ಸಹಿಗಳೇ ಮುಂದೆ ಹೋರಾಟಗಾರರ ಕೈಯಲ್ಲಿದ್ದ ಅತ್ಯಂತ ಬಲವಾದ ದಾಖಲೆಗಳಾದವು.

ಹಾಗೆಂದು ಇಥಿಯೋಪಿಯದ ವಾದವನ್ನು ಬರೀ ದುರಾಸೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಎರಿಟ್ರಿಯದ ಎತ್ತರದ ಪ್ರದೇಶದ ತಿಗ್ರಿನ್ಯ ಮಾತನಾಡುವ ಕ್ರೈಸ್ತರಿಗೂ ಗಡಿಯಾಚೆಯ ತಿಗ್ರಾಯ್ ಪ್ರಾಂತ್ಯದವರಿಗೂ ಭಾಷೆ ಒಂದೇ, ಚರ್ಚು ಒಂದೇ, ಪ್ರಾಚೀನ ಅಕ್ಸುಮ್ ಸಾಮ್ರಾಜ್ಯದ ಪರಂಪರೆಯೂ ಒಂದೇ. ತಗ್ಗಿನ ಪ್ರದೇಶಗಳ ಮುಸ್ಲಿಮರಿಗೆ ಮಾತ್ರ ಆಡಿಸ್ ಅಬಾಬದ ಸಿಂಹಾಸನದೊಂದಿಗೆ ಅಂಥ ಯಾವ ನಂಟೂ ಇರಲಿಲ್ಲ. 1940ರ ದಶಕದಲ್ಲಿ ಎರಿಟ್ರಿಯನ್ನರೇ ಈ ಪ್ರಶ್ನೆಯ ಮೇಲೆ ಇಬ್ಭಾಗವಾಗಿದ್ದರು. ಟೆಡ್ಲ ಬೈರು ಮುಂದಾಳುತನದ ಏಕೀಕರಣ ಪಕ್ಷವು ಇಥಿಯೋಪಿಯದೊಂದಿಗೆ ಸೇರಬೇಕೆಂದರೆ, ಇಬ್ರಾಹಿಂ ಸುಲ್ತಾನ್ ಅವರ ಮುಸ್ಲಿಂ ಲೀಗ್ ಮತ್ತು ವೊಲ್ಡೆಯಾಬ್ ವೊಲ್ಡೆಮರಿಯಂ ಅವರಂಥ ಕ್ರೈಸ್ತ ಪತ್ರಕರ್ತರು ಸ್ವಾತಂತ್ರ್ಯವೇ ಬೇಕೆಂದರು. ಆರಂಭದಿಂದಲೂ ಇಡೀ ಜನಾಂಗ ಒಂದೇ ದನಿಯಲ್ಲಿ ಸ್ವಾತಂತ್ರ್ಯ ಕೇಳಿತ್ತೆಂದು ಹೇಳುವ ಹೋರಾಟದ ಅಧಿಕೃತ ಚರಿತ್ರೆಯನ್ನು ನಾನು ನಂಬುವುದಿಲ್ಲ; ಒಮ್ಮತ ಹುಟ್ಟಿದ್ದು ಆಮೇಲೆ, ಅದನ್ನು ಹುಟ್ಟಿಸಿದವರಲ್ಲಿ ಮುಖ್ಯರು ಇಥಿಯೋಪಿಯದ ಆಳರಸರೇ.

ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಕೆರೆನ್ ಬಳಿ ಇಟಲಿಯನ್ನು ಸೋಲಿಸಿದ ಬ್ರಿಟನ್ ಹನ್ನೊಂದು ವರ್ಷ ಎರಿಟ್ರಿಯವನ್ನು ಆಳಿತು. ಇಟಲಿ ಬಿಟ್ಟುಕೊಟ್ಟ ವಸಾಹತುಗಳನ್ನು ಏನು ಮಾಡಬೇಕೆಂಬುದರ ಬಗ್ಗೆ ಗೆದ್ದ ನಾಲ್ಕು ದೊಡ್ಡ ರಾಷ್ಟ್ರಗಳು ಒಮ್ಮತಕ್ಕೆ ಬಾರದೆ ವಿಷಯವನ್ನು ವಿಶ್ವಸಂಸ್ಥೆಗೆ ಒಪ್ಪಿಸಿದವು. ಎರಿಟ್ರಿಯವನ್ನು ಸುಡಾನ್ ಮತ್ತು ಇಥಿಯೋಪಿಯಗಳ ನಡುವೆ ಹಂಚಿಬಿಡುವ ಯೋಜನೆಯೊಂದು 1949ರಲ್ಲಿ ಬಿದ್ದುಹೋಯಿತು. ಬಳಿಕ ಹೋದ ಐದು ದೇಶಗಳ ಆಯೋಗ ಮೂರು ಅಭಿಪ್ರಾಯಗಳೊಂದಿಗೆ ಮರಳಿತು: ಪಾಕಿಸ್ತಾನ ಮತ್ತು ಗ್ವಾಟೆಮಾಲ ವಿಶ್ವಸಂಸ್ಥೆಯ ಪಾಲನೆಯ ನಂತರ ಸ್ವಾತಂತ್ರ್ಯವೆಂದವು, ಬರ್ಮಾ ಮತ್ತು ದಕ್ಷಿಣ ಆಫ್ರಿಕ ಒಕ್ಕೂಟವೆಂದವು, ನಾರ್ವೆ ಪೂರ್ಣ ವಿಲೀನವೆಂದಿತು. 1950ರ ಡಿಸೆಂಬರ್ 2ರಂದು ಮಹಾಸಭೆ ಅಂಗೀಕರಿಸಿದ 390ನೆಯ ನಿರ್ಣಯದ ಪ್ರಕಾರ ಎರಿಟ್ರಿಯವು ಇಥಿಯೋಪಿಯದ ಕಿರೀಟದ ಸಾರ್ವಭೌಮತ್ವದಡಿ, ಅದರೊಂದಿಗೆ ಒಕ್ಕೂಟವಾಗಿ ಸೇರಿದ ಸ್ವಾಯತ್ತ ಘಟಕವಾಗಬೇಕಿತ್ತು. ಇಟಲಿಯ ಇನ್ನೆರಡು ವಸಾಹತುಗಳ ಪೈಕಿ ಲಿಬಿಯ 1951ರಲ್ಲೂ ಸೊಮಾಲಿಯ 1960ರಲ್ಲೂ ಸ್ವತಂತ್ರವಾದವು. ಎರಿಟ್ರಿಯಕ್ಕೆ ಮಾತ್ರ ಬೇರೆ ಅಳತೆಗೋಲು ಬಂದದ್ದೇಕೆ? ಅಸ್ಮಾರದಲ್ಲಿದ್ದ ರೇಡಿಯೊ ಸಂಪರ್ಕ ನೆಲೆ ಅಮೆರಿಕಕ್ಕೆ ಬೇಕಿತ್ತು. ಚಕ್ರವರ್ತಿ ಹೈಲೆ ಸೆಲಾಸಿ ಅಮೆರಿಕದ ಮಿತ್ರನಾಗಿದ್ದ. 1953ರಲ್ಲಿ ಕಾಗ್ನ್ಯೂ ಎಂದು ಹೆಸರಾದ ಆ ನೆಲೆಯ ಒಪ್ಪಂದಕ್ಕೆ ಸಹಿಯೂ ಬಿತ್ತು. ಎರಿಟ್ರಿಯದ ಜನರ ಮತದಾನವನ್ನು ಯಾರೂ ನಡೆಸಲಿಲ್ಲ.

1952ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಆ ಒಕ್ಕೂಟವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನದೆಲ್ಲದರ ಬೇರು ಅಲ್ಲಿದೆ. ಎರಿಟ್ರಿಯಕ್ಕೆ ತನ್ನದೇ ಸಂವಿಧಾನ, ಚುನಾಯಿತರಾದ 68 ಸದಸ್ಯರ ಶಾಸನಸಭೆ, ತನ್ನದೇ ಧ್ವಜ, ತಿಗ್ರಿನ್ಯ ಮತ್ತು ಅರಬ್ಬಿ ಎಂಬ ಎರಡು ಆಡಳಿತ ಭಾಷೆಗಳು ಇದ್ದವು. ರಾಜಕೀಯ ಪಕ್ಷಗಳೂ ಕಾರ್ಮಿಕ ಸಂಘಗಳೂ ಪತ್ರಿಕೆಗಳೂ ಇದ್ದವು. ರಕ್ಷಣೆ, ವಿದೇಶಾಂಗ, ನಾಣ್ಯ, ಬಂದರುಗಳು ಕೇಂದ್ರದ ಕೈಯಲ್ಲಿದ್ದವು. ಆದರೆ ಇಥಿಯೋಪಿಯದಲ್ಲಿ ಪಕ್ಷಗಳಿಗೆ ಅವಕಾಶವೇ ಇರಲಿಲ್ಲ; ಅದು ಚಕ್ರವರ್ತಿಯ ಇಚ್ಛೆಯೇ ಕಾನೂನಾಗಿದ್ದ ಪ್ರಭುತ್ವ. ಇನ್ನೂ ವಿಚಿತ್ರವೆಂದರೆ, ಎರಡು ಘಟಕಗಳ ಮೇಲೆ ಮೂರನೆಯದಾಗಿ ಒಂದು ಒಕ್ಕೂಟ ಸರ್ಕಾರವನ್ನು ಪ್ರತ್ಯೇಕವಾಗಿ ರಚಿಸಲೇ ಇಲ್ಲ. ಚಕ್ರವರ್ತಿಯ ಸರ್ಕಾರವೇ ಒಕ್ಕೂಟದ ಸರ್ಕಾರವೆನಿಸಿಕೊಂಡಿತು. ನ್ಯಾಯಾಧೀಶನೂ ಎದುರುವಾದಿಯೂ ಒಬ್ಬನೇ ಆದರೆ ತೀರ್ಪು ಏನಾಗಬಹುದೋ ಅದೇ ಆಯಿತು. ಒಂದು ದಶಕದೊಳಗೆ ಪತ್ರಿಕೆಗಳು ಮುಚ್ಚಿದವು, ಪಕ್ಷಗಳು ನಿಂತವು, ಸುಂಕದ ಆದಾಯದ ಪಾಲಿಗಾಗಿ ಅಸ್ಮಾರ ಬೇಡುವ ಸ್ಥಿತಿಗೆ ಬಂದಿತು. ಕೊಲೆಯ ಯತ್ನಗಳಿಂದ ಹಲವು ಬಾರಿ ಪಾರಾಗಿದ್ದ ವೊಲ್ಡೆಯಾಬ್ 1953ರಲ್ಲಿ ದೇಶ ಬಿಟ್ಟು, ಕೈರೊದ ಬಾನುಲಿಯಿಂದ ತಿಗ್ರಿನ್ಯ ಭಾಷೆಯಲ್ಲಿ ಮಾತನಾಡತೊಡಗಿದರು. ವಿಲೀನದ ಪರವಾಗಿದ್ದ ಟೆಡ್ಲ ಬೈರು ಅವರೇ 1955ರಲ್ಲಿ ಮುಖ್ಯ ಕಾರ್ಯನಿರ್ವಾಹಕ ಸ್ಥಾನದಿಂದ ಕೆಳಗಿಳಿಯಬೇಕಾಯಿತು. ಮುಂದೆ ಅವರು ಸ್ವಾತಂತ್ರ್ಯದ ಪಾಳಯ ಸೇರಿದರು. 1958ರಲ್ಲಿ ಧ್ವಜ ಇಳಿಯಿತು. ಅದೇ ವರ್ಷ ಅಸ್ಮಾರ ಮತ್ತು ಮಸಾವಗಳಲ್ಲಿ ನಡೆದ ಕಾರ್ಮಿಕ ಮುಷ್ಕರವನ್ನು ಗುಂಡು ಹಾರಿಸಿ ಅಡಗಿಸಲಾಯಿತು. ಆಡಳಿತದಲ್ಲೂ ಶಾಲೆಗಳಲ್ಲೂ ಅಮ್ಹಾರಿಕ್ ಭಾಷೆ ನೆಲೆಯೂರಿತು. 1962ರ ನವೆಂಬರ್ 14ರಂದು ಶಾಸನಸಭೆ ತನ್ನನ್ನು ತಾನೇ ರದ್ದುಮಾಡಿಕೊಂಡಂತೆ ತೋರಿಸಿ, ಎರಿಟ್ರಿಯವನ್ನು ಸಾಮ್ರಾಜ್ಯದ ಹದಿನಾಲ್ಕನೆಯ ಪ್ರಾಂತ್ಯವನ್ನಾಗಿ ಮಾಡಲಾಯಿತು. ಒಕ್ಕೂಟದ ಕಾಯಿದೆಗೆ ಭಂಗ ಬಂದರೆ ಮಹಾಸಭೆ ವಿಷಯವನ್ನು ಮತ್ತೆ ಕೈಗೆತ್ತಿಕೊಳ್ಳಬಹುದೆಂದು ವಿಶ್ವಸಂಸ್ಥೆಯ ಆಯುಕ್ತರಾಗಿದ್ದ ಬೊಲಿವಿಯದ ಎಡ್ವಾರ್ಡೊ ಆಂಜೆ ಮಾಟಿಯೆಂಜೊ ತಮ್ಮ ವರದಿಯಲ್ಲಿ ಬರೆದಿದ್ದರು. ಮಹಾಸಭೆ ಕೈಗೆತ್ತಿಕೊಳ್ಳಲಿಲ್ಲ.

ನನ್ನ ದೃಷ್ಟಿಯಲ್ಲಿ ಹೈಲೆ ಸೆಲಾಸಿ ಎರಿಟ್ರಿಯವನ್ನು ಕಳೆದುಕೊಂಡದ್ದು ಈ ಹತ್ತು ವರ್ಷಗಳಲ್ಲೇ. ಒಕ್ಕೂಟವನ್ನು ಪ್ರಾಮಾಣಿಕವಾಗಿ ನಡೆಸಿದ್ದರೆ ಎತ್ತರದ ಪ್ರದೇಶದ ಕ್ರೈಸ್ತರಲ್ಲಿ ಹೆಚ್ಚಿನವರು ಅದರಲ್ಲೇ ತೃಪ್ತರಾಗಿ ಉಳಿಯುತ್ತಿದ್ದರೆನ್ನಲು ಸಾಕಷ್ಟು ಕಾರಣಗಳಿವೆ.

ಸಶಸ್ತ್ರ ಹೋರಾಟದ ಕಥೆ ವೀರಗಾಥೆಗಳಲ್ಲಿ ಬರುವಷ್ಟು ನೇರವಲ್ಲ. 1960ರಲ್ಲಿ ಕೈರೊದಲ್ಲಿ ದೇಶಭ್ರಷ್ಟರು ಎರಿಟ್ರಿಯ ವಿಮೋಚನಾ ರಂಗವನ್ನು ಕಟ್ಟಿದರು; 1961ರ ಸೆಪ್ಟೆಂಬರ್ 1ರಂದು ಹಮೀದ್ ಇದ್ರಿಸ್ ಅವಾಟೆ ಮತ್ತು ಅವರ ಸಣ್ಣ ತಂಡ ಪಶ್ಚಿಮದ ತಗ್ಗಿನಲ್ಲಿ ಮೊದಲ ಗುಂಡು ಹಾರಿಸಿತು. ಮೊದಲಿಗೆ ಬಹುಪಾಲು ಮುಸ್ಲಿಮರದೇ ಆಗಿದ್ದ ಈ ರಂಗವು ಪಂಗಡಗಳ ಒಳಜಗಳದಲ್ಲಿ ನಲುಗಿತು. ಅದರಿಂದ ಒಡೆದು ಬಂದ ಗುಂಪುಗಳಿಂದ 1970ರ ದಶಕದ ಆರಂಭದಲ್ಲಿ ಎರಿಟ್ರಿಯ ಜನತಾ ವಿಮೋಚನಾ ರಂಗ (ಮುಂದೆ ‘ಜನತಾ ರಂಗ’) ರೂಪುಗೊಂಡಿತು. ಇಸಾಯಾಸ್ ಅಫ್ವೆರ್ಕಿ ಅದರ ಪ್ರಮುಖ ನಾಯಕರಾದರು. ಎರಡೂ ರಂಗಗಳು 1972ರಿಂದ 1974ರವರೆಗೆ ಪರಸ್ಪರ ಹೋರಾಡಿದವು; 1980–81ರಲ್ಲಿ ಮತ್ತೊಮ್ಮೆ ಕಾದಾಡಿ, ಹಳೆಯ ರಂಗ ಸುಡಾನಿಗೆ ಹಿಮ್ಮೆಟ್ಟಿತು. ಕೊನೆಗೆ ಗೆದ್ದ ಸಂಘಟನೆ ಒಂದೇ ಆಗಿತ್ತೆಂಬುದೂ ಅದು ತನ್ನೊಳಗಿನ ಭಿನ್ನಮತವನ್ನು ಸಹಿಸದ ಸಂಘಟನೆಯಾಗಿತ್ತೆಂಬುದೂ ಸ್ವಾತಂತ್ರ್ಯಾನಂತರದ ಎರಿಟ್ರಿಯವನ್ನು ತಿಳಿಯಲು ಅಗತ್ಯ.

1974ರ ಸೆಪ್ಟೆಂಬರಿನಲ್ಲಿ ಚಕ್ರವರ್ತಿಯನ್ನು ಕೆಳಗಿಳಿಸಿದ ಸೇನಾ ಸಮಿತಿಗೆ ಮೊದಲು ಮುಖ್ಯಸ್ಥರಾದವರು ಎರಿಟ್ರಿಯ ಮೂಲದ ಜನರಲ್ ಅಮಾನ್ ಆಂಡೊಮ್. ಮಾತುಕತೆಯಿಂದ ಸಮಸ್ಯೆ ಬಗೆಹರಿಸಬೇಕೆಂದಿದ್ದ ಅವರು ನವೆಂಬರಿನಲ್ಲಿ ಹತರಾದರು. ಅವರೊಂದಿಗೆ ಸಂಧಾನದ ಬಾಗಿಲೂ ಮುಚ್ಚಿತು. 1977ರ ಹೊತ್ತಿಗೆ ಮೆಂಗಿಸ್ಟು ಹೈಲೆ ಮರಿಯಂ ಏಕಾಧಿಪತಿಯಾದಾಗ ಎರಡು ರಂಗಗಳೂ ಸೇರಿ ಅಸ್ಮಾರ, ಮಸಾವ, ಅಸಾಬ್‌ನಂಥ ಕೆಲವೇ ಊರುಗಳನ್ನು ಬಿಟ್ಟು ಬಹುತೇಕ ಎರಿಟ್ರಿಯವನ್ನು ಹಿಡಿದಿದ್ದವು. ಆಗ ಸೋವಿಯತ್ ಒಕ್ಕೂಟ ಪಕ್ಷ ಬದಲಿಸಿತು. ಅಮೆರಿಕವನ್ನು ತೊರೆದ ಮೆಂಗಿಸ್ಟುವಿಗೆ ಅದು ಅಪಾರ ಶಸ್ತ್ರಾಸ್ತ್ರಗಳನ್ನು ಸುರಿಯಿತು. ಮಾರ್ಕ್ಸ್‌ವಾದಿಗಳೆಂದು ಹೇಳಿಕೊಂಡ ಹೋರಾಟಗಾರರ ಮೇಲೆ ಮಾರ್ಕ್ಸ್‌ವಾದಿ ಸರ್ಕಾರವೊಂದು ಸೋವಿಯತ್ ಟ್ಯಾಂಕುಗಳಿಂದ ದಾಳಿ ಮಾಡಿತು. ಜನತಾ ರಂಗ 1978ರಲ್ಲಿ ಗೆದ್ದ ಪಟ್ಟಣಗಳನ್ನು ಬಿಟ್ಟು ಉತ್ತರದ ಸಹೇಲ್ ಬೆಟ್ಟಗಳಿಗೆ, ನಕ್ಫ ಪಟ್ಟಣದ ಸುತ್ತಣ ಕಂದಕಗಳಿಗೆ ಹಿಂದೆ ಸರಿಯಿತು. 1982ರ ‘ಕೆಂಪು ನಕ್ಷತ್ರ’ ಕಾರ್ಯಾಚರಣೆಯಲ್ಲಿ ಲಕ್ಷಕ್ಕೂ ಮೀರಿದ ಸೈನ್ಯ ಬಂದರೂ ನಕ್ಫ ಬೀಳಲಿಲ್ಲ. ಯಾವ ದೊಡ್ಡ ರಾಷ್ಟ್ರವೂ ಬೆನ್ನಿಗಿಲ್ಲದ ಕಾರಣ ಅವರು ಶತ್ರುವಿನಿಂದ ಕಿತ್ತ ಆಯುಧಗಳಿಂದಲೇ ಹೋರಾಡಿದರು. ವಿಮಾನದಾಳಿಗೆ ಸಿಗದಂತೆ ಒರೊಟ ಕಣಿವೆಯಲ್ಲಿ ಆಸ್ಪತ್ರೆ, ಶಾಲೆ, ಔಷಧ ತಯಾರಿಕೆಯ ಘಟಕಗಳನ್ನು ಬಂಡೆಗಳೊಳಗೆ ಅಡಗಿಸಿ ನಡೆಸಿದರು. ಹೋರಾಟಗಾರರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಹಿಳೆಯರಿದ್ದರು. 1988ರ ಮಾರ್ಚಿನಲ್ಲಿ ಅಫಬೆಟ್‌ನಲ್ಲಿ ಇಥಿಯೋಪಿಯದ ಪ್ರಮುಖ ಸೇನಾ ವಿಭಾಗವೊಂದು ನುಚ್ಚುನೂರಾಯಿತು. 1990ರ ಫೆಬ್ರವರಿಯಲ್ಲಿ ಮಸಾವ ಅವರ ವಶವಾಯಿತು. ಇಷ್ಟು ಹೊತ್ತಿಗೆ ಗೊರ್ಬಚೆವ್ ಕಾಲದ ಸೋವಿಯತ್ ಒಕ್ಕೂಟ ಕೈ ಹಿಂದೆಗೆದುಕೊಳ್ಳುತ್ತಿತ್ತು.

ಇಲ್ಲಿ ನಿಮ್ಮ ಪ್ರಶ್ನೆಯ ತಿರುಳಿಗೆ ಬರಬಹುದು. ಎರಿಟ್ರಿಯದಲ್ಲಿ ಗೆದ್ದದ್ದಷ್ಟೇ ಆಗಿ, ಆಡಿಸ್ ಅಬಾಬದಲ್ಲಿ ಮೆಂಗಿಸ್ಟುವೋ ಅಂಥದೇ ಇನ್ನೊಬ್ಬನೋ ಉಳಿದಿದ್ದರೆ, 1991ರ ನಂತರ ಉಂಟಾಗುತ್ತಿದ್ದುದು ವಾಸ್ತವದಲ್ಲಿ ಸ್ವತಂತ್ರವಾದ, ಆದರೆ ಯಾರೂ ಮಾನ್ಯ ಮಾಡದ ಒಂದು ಪ್ರದೇಶ. ಹಾಗಾಗದಂತೆ ತಡೆದದ್ದು ಗಡಿಯಾಚೆಯ ತಿಗ್ರಾಯ್‌ನ ಬಂಡುಕೋರರೊಂದಿಗಿನ ಮೈತ್ರಿ. 1975ರಲ್ಲಿ ಆರಂಭವಾದ ತಿಗ್ರಾಯ್ ಜನತಾ ವಿಮೋಚನಾ ರಂಗಕ್ಕೆ ತರಬೇತಿ ಕೊಟ್ಟವರು ಎರಿಟ್ರಿಯದವರೇ. ಆ ಮೈತ್ರಿ ಸದಾ ಸಿಹಿಯಾಗಿರಲಿಲ್ಲ. 1985ರಲ್ಲಿ, ಭೀಕರ ಬರಗಾಲದ ನಡುವೆ, ತಿಗ್ರಾಯ್‌ಗೆ ಸುಡಾನಿನಿಂದ ಆಹಾರ ಬರುತ್ತಿದ್ದ ದಾರಿಯನ್ನೇ ಜನತಾ ರಂಗ ಮುಚ್ಚಿತು, ಆ ಕಹಿ ತಿಗ್ರಾಯ್‌ನವರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಆದರೂ 1988ರಲ್ಲಿ ಇಬ್ಬರೂ ಮತ್ತೆ ಕೈ ಜೋಡಿಸಿದರು. ತಿಗ್ರಾಯ್‌ನವರ ಮುಂದಾಳುತನದ ಮೈತ್ರಿಕೂಟ ದಕ್ಷಿಣಕ್ಕೆ ನುಗ್ಗಿತು. 1991ರ ಮೇ 21ರಂದು ಮೆಂಗಿಸ್ಟು ಜಿಂಬಾಬ್ವೆಗೆ ಓಡಿಹೋದ; 24ರಂದು ಅಸ್ಮಾರ ಮುಕ್ತವಾಯಿತು; 28ರಂದು ಆ ಮೈತ್ರಿಕೂಟದ ನಾಯಕ ಮೆಲೆಸ್ ಜೆನಾವಿ ಅವರ ಪಡೆಗಳು ಆಡಿಸ್ ಅಬಾಬವನ್ನು ಹೊಕ್ಕವು. ನಾಲ್ಕು ದಿನಗಳ ಅಂತರದಲ್ಲಿ ಎರಡು ರಾಜಧಾನಿಗಳಲ್ಲೂ ಹಳೆಯ ಒಡನಾಡಿಗಳೇ ಕುಳಿತಿದ್ದರು.

ಅಂದೇ ಸ್ವಾತಂತ್ರ್ಯ ಘೋಷಿಸಲು ಇಸಾಯಾಸ್ ಅವರಿಗೆ ಅಡ್ಡಿಯಾಗಬಲ್ಲ ಸೈನ್ಯ ಯಾವುದೂ ಇರಲಿಲ್ಲ. ಅಡ್ಡಿಯಾಗಿದ್ದದ್ದು ಆಫ್ರಿಕದ ರಾಜತಾಂತ್ರಿಕ ಕಟ್ಟಳೆ. ಸ್ವಾತಂತ್ರ್ಯ ಬಂದ ದಿನ ಯಾವ ಗಡಿಗಳಿದ್ದವೋ ಅವನ್ನೇ ಎಲ್ಲರೂ ಗೌರವಿಸಬೇಕೆಂದು ಆಫ್ರಿಕದ ಐಕ್ಯ ಸಂಘಟನೆ 1964ರಲ್ಲಿ ಕೈರೊದಲ್ಲಿ ನಿರ್ಣಯಿಸಿತ್ತು. ಆ ಸಂಘಟನೆಯ ಕೇಂದ್ರ ಕಚೇರಿ ಇದ್ದುದೇ ಆಡಿಸ್ ಅಬಾಬದಲ್ಲಿ. ಎರಿಟ್ರಿಯನ್ನರು ಆ ನಿರ್ಣಯವನ್ನು ಎದುರಿಸದೆ ಅದರ ಮೇಲೆಯೇ ತಮ್ಮ ವಾದವನ್ನು ನಿಲ್ಲಿಸಿದರು: ವಸಾಹತುಕಾಲದ ಗಡಿಗಳೇ ಪವಿತ್ರವಾದರೆ ಎರಿಟ್ರಿಯದ ಗಡಿಯೂ ಅಂಥದೇ, ನಾವು ಒಂದು ದೇಶದಿಂದ ಬೇರೆಯಾಗುತ್ತಿಲ್ಲ, ನಮಗೆ ತಡೆಹಿಡಿದಿದ್ದ ವಿಮೋಚನೆಯನ್ನು ಪೂರ್ಣಗೊಳಿಸುತ್ತಿದ್ದೇವೆ. ವಾದ ಗಟ್ಟಿಯಾಗಿತ್ತು, ಆದರೆ ಆ ವಾದವನ್ನು ಅವರು ಮೂವತ್ತು ವರ್ಷದಿಂದ ಮಂಡಿಸುತ್ತಲೇ ಇದ್ದರು, ಯಾರೂ ಕೇಳಿರಲಿಲ್ಲ. ಕೇಳುವಂತೆ ಮಾಡಿದ್ದು ಇಥಿಯೋಪಿಯದ ಹೊಸ ಸರ್ಕಾರದ ನಡೆ. 1991ರ ಜುಲೈಯಲ್ಲಿ ಆಡಿಸ್ ಅಬಾಬದಲ್ಲಿ ಸೇರಿದ ಸಮ್ಮೇಳನವು ಎರಿಟ್ರಿಯದ ಜನ ತಮ್ಮ ಭವಿಷ್ಯವನ್ನು ಜನಮತಗಣನೆಯಿಂದ ತೀರ್ಮಾನಿಸಬಹುದೆಂದು ಒಪ್ಪಿತು. ತಾತ್ಕಾಲಿಕ ಸರ್ಕಾರವನ್ನು ರಚಿಸಿ, ಮತದಾನವನ್ನು ಎರಡು ವರ್ಷ ಮುಂದಕ್ಕೆ ಹಾಕುವುದಕ್ಕೆ ಜನತಾ ರಂಗ ಸಮ್ಮತಿಸಿತು. ಮೂಲ ದೇಶವೇ ಒಪ್ಪಿದ ಮೇಲೆ ಉಳಿದವರಿಗೆ ಆಕ್ಷೇಪಿಸಲು ನೆಲೆಯಿರಲಿಲ್ಲ. 1992ರ ಡಿಸೆಂಬರಿನಲ್ಲಿ ಮಹಾಸಭೆ ವೀಕ್ಷಕ ದಳವನ್ನು ಕಳುಹಿಸಲು ತೀರ್ಮಾನಿಸಿತು.

ಮತದಾನ 1993ರ ಏಪ್ರಿಲ್ 23ರಿಂದ 25ರವರೆಗೆ ನಡೆಯಿತು. ಸುಡಾನ್, ಇಥಿಯೋಪಿಯ, ಸೌದಿ ಅರೇಬಿಯ ಮುಂತಾದೆಡೆ ನೆಲೆಸಿದ್ದ ಎರಿಟ್ರಿಯನ್ನರೂ ಮತ ಹಾಕಿದರು. ಶೇಕಡ 99.8ರಷ್ಟು ಮತಗಳು ಸ್ವಾತಂತ್ರ್ಯದ ಪರವಾಗಿ ಬಿದ್ದವು. ಇಂಥ ಅಂಕಿ ಕಂಡಾಗ ಅನುಮಾನ ಬರುವುದು ಸಹಜ, ಆದರೆ ವೀಕ್ಷಕರು ಮತದಾನ ಮುಕ್ತವಾಗಿಯೂ ನ್ಯಾಯವಾಗಿಯೂ ನಡೆಯಿತೆಂದೇ ಹೇಳಿದರು. ಮೂರು ದಶಕದ ಯುದ್ಧದಲ್ಲಿ ಮಗನನ್ನೋ ಮಗಳನ್ನೋ ಕಳೆದುಕೊಳ್ಳದ ಮನೆ ವಿರಳವಾಗಿದ್ದ ನಾಡಿನಲ್ಲಿ ಬೇರೆ ಫಲಿತಾಂಶವನ್ನು ನಾನಂತೂ ನಿರೀಕ್ಷಿಸುತ್ತಿರಲಿಲ್ಲ. ಆಕ್ಷೇಪಿಸಬಹುದಾದದ್ದು ಪ್ರಶ್ನೆಯ ರೂಪವನ್ನು. 1980ರಲ್ಲಿ ಇದೇ ಜನತಾ ರಂಗ ಪೂರ್ಣ ಸ್ವಾತಂತ್ರ್ಯ, ಒಕ್ಕೂಟ, ಪ್ರಾದೇಶಿಕ ಸ್ವಾಯತ್ತತೆ ಎಂಬ ಮೂರು ಆಯ್ಕೆಗಳ ಜನಮತಗಣನೆಗೆ ಸಿದ್ಧವೆಂದಿತ್ತು. 1993ರ ಮತಪತ್ರದಲ್ಲಿ ಇದ್ದದ್ದು ಸ್ವತಂತ್ರ ರಾಷ್ಟ್ರ ಬೇಕೇ ಬೇಡವೇ ಎಂಬ ಒಂದೇ ಪ್ರಶ್ನೆ. ಮೇ 24ರಂದು ಸ್ವಾತಂತ್ರ್ಯದ ವಿಧ್ಯುಕ್ತ ಘೋಷಣೆಯಾಯಿತು, 28ರಂದು ಎರಿಟ್ರಿಯ ವಿಶ್ವಸಂಸ್ಥೆಯ ಸದಸ್ಯರಾಷ್ಟ್ರವಾಯಿತು.

ಇನ್ನು ಬಯಾಫ್ರ. 1967ರ ಮೇ 30ರಂದು ನೈಜೀರಿಯದಿಂದ ಬೇರೆಯಾಗುವುದಾಗಿ ಘೋಷಿಸಿದ ಅದು 1970ರ ಜನವರಿಯಲ್ಲಿ ಶರಣಾಯಿತು. ಟಾಂಜಾನಿಯ, ಜಾಂಬಿಯ, ಗೆಬಾನ್, ಐವರಿ ಕೋಸ್ಟ್ ಸೇರಿದಂತೆ ಬೆರಳೆಣಿಕೆಯ ದೇಶಗಳು ಅದಕ್ಕೆ ಮನ್ನಣೆ ಕೊಟ್ಟಿದ್ದವು. ಆ ದೃಷ್ಟಿಯಿಂದ ಅದು ಎರಿಟ್ರಿಯಕ್ಕಿಂತ ಅದೃಷ್ಟಶಾಲಿಯೇ. ಆದರೆ ಅದು ಯುದ್ಧಭೂಮಿಯಲ್ಲಿ ಸೋತಿತು, ಪ್ರತ್ಯೇಕ ವಸಾಹತಿನ ಗಡಿ ಅದಕ್ಕಿರಲಿಲ್ಲ, ಲಾಗೋಸ್‌ನಲ್ಲಿದ್ದ ನೈಜೀರಿಯದ ಸರ್ಕಾರದ ನಿಲುವೂ ಅಲುಗಲಿಲ್ಲ. ಮೂರೂ ಕೊರತೆಗಳು ಒಟ್ಟಿಗೇ ಇರುವುದರಿಂದ ಯಾವುದು ನಿರ್ಣಾಯಕವೆಂದು ಬಯಾಫ್ರದಿಂದ ಗೊತ್ತಾಗುವುದಿಲ್ಲ. ಅದಕ್ಕಿಂತ ಸೊಮಾಲಿಲ್ಯಾಂಡ್ ಮತ್ತು ದಕ್ಷಿಣ ಸುಡಾನ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಲೇಸು. ಸೊಮಾಲಿಲ್ಯಾಂಡ್ ಪ್ರತ್ಯೇಕ ಬ್ರಿಟಿಷ್ ಆಶ್ರಿತ ಪ್ರದೇಶವಾಗಿತ್ತು. 1960ರ ಜೂನ್ 26ರಿಂದ ಐದು ದಿನ ಸ್ವತಂತ್ರ ದೇಶವೂ ಆಗಿದ್ದು, ಬಳಿಕ ಸೊಮಾಲಿಯದೊಂದಿಗೆ ಸೇರಿತ್ತು. 1991ರ ಮೇ 18ರಂದು, ಅಸ್ಮಾರ ಮುಕ್ತವಾಗುವ ಆರು ದಿನ ಮೊದಲು, ಅದು ಮತ್ತೆ ಸ್ವಾತಂತ್ರ್ಯ ಘೋಷಿಸಿತು. ಗಡಿಯ ವಾದ ಎರಿಟ್ರಿಯದಷ್ಟೇ ಗಟ್ಟಿ, ನೆಲದ ಮೇಲಿನ ಹಿಡಿತವೂ ಇತ್ತು. ಆದರೆ ಒಪ್ಪಿಗೆ ಕೊಡಬೇಕಾದ ಸರ್ಕಾರವೇ ಸೊಮಾಲಿಯದ ರಾಜಧಾನಿ ಮೊಗದಿಶುವಿನಲ್ಲಿ ಉಳಿದಿರಲಿಲ್ಲ, ಮುಂದೆ ಬಂದ ಸರ್ಕಾರಗಳು ಒಪ್ಪಲಿಲ್ಲ. ಮೂರು ದಶಕಗಳು ಉರುಳಿದರೂ ಅದಕ್ಕೆ ವಿಶ್ವಸಂಸ್ಥೆಯಲ್ಲಿ ಸ್ಥಾನ ದಕ್ಕಲಿಲ್ಲ. ದಕ್ಷಿಣ ಸುಡಾನ್‌ಗೆ ಪ್ರತ್ಯೇಕ ವಸಾಹತಿನ ಗಡಿ ಇರಲೇ ಇಲ್ಲ, ರಣರಂಗದಲ್ಲಿ ನಿರ್ಣಾಯಕ ಗೆಲುವೂ ಇರಲಿಲ್ಲ. 2005ರ ಒಪ್ಪಂದದಲ್ಲಿ ಸುಡಾನಿನ ಖಾರ್ಟೂಮ್ ಸರ್ಕಾರ ಜನಮತಗಣನೆಗೆ ಸಹಿ ಹಾಕಿದ ಕಾರಣ 2011ರ ಜುಲೈ 9ರಂದು ಅದು ರಾಷ್ಟ್ರವಾಯಿತು. ಹೀಗೆ ತೂಗಿ ನೋಡಿದರೆ ದೊಡ್ಡ ದೇಶದ ಒಪ್ಪಿಗೆಯೇ ಉಳಿದೆಲ್ಲಕ್ಕಿಂತ ಭಾರವೆಂದು ನನಗೆ ತೋರುತ್ತದೆ. ಎರಿಟ್ರಿಯದ ವಿಶೇಷವೆಂದರೆ ಆ ಒಪ್ಪಿಗೆಯನ್ನು ಬೇಡಿ ಪಡೆಯದೆ, ಒಪ್ಪುವ ಸರ್ಕಾರವೇ ಆಡಿಸ್ ಅಬಾಬದಲ್ಲಿ ಬರುವಂತೆ ಅದು ಮಾಡಿಕೊಂಡದ್ದು.

ಆ ವಿಶೇಷದಲ್ಲೇ ಒಂದು ದೌರ್ಬಲ್ಯವೂ ಇತ್ತು. ಎಲ್ಲವೂ ಇಸಾಯಾಸ್ ಮತ್ತು ಮೆಲೆಸ್ ಎಂಬ ಇಬ್ಬರು ನಾಯಕರ ನಂಬಿಕೆಯ ಮೇಲೆ ನಿಂತಿದ್ದರಿಂದ ನೆಲದ ಮೇಲೆ ಗಡಿಕಲ್ಲು ನೆಡುವ ಕೆಲಸ, ಬಂದರಿನ ಬಳಕೆಯ ದೀರ್ಘಾವಧಿ ಒಪ್ಪಂದ, ನಾಣ್ಯದ ವ್ಯವಸ್ಥೆ ಎಲ್ಲವೂ ಅರೆಬರೆಯಾಗಿ ಉಳಿದವು. 1997ರ ನವೆಂಬರಿನಲ್ಲಿ ಎರಿಟ್ರಿಯ ಇಥಿಯೋಪಿಯದ ಬಿರ್ ಬಿಟ್ಟು ನಕ್ಫ ಎಂಬ ಸ್ವಂತ ನಾಣ್ಯ ತಂದಾಗ ವ್ಯಾಪಾರದ ಜಗಳ ತಲೆದೋರಿತು. 1998ರ ಮೇ ತಿಂಗಳಲ್ಲಿ ಬಡ್ಮೆ ಎಂಬ ಚಿಕ್ಕ ಊರಿಗಾಗಿ ಆರಂಭವಾದ ಯುದ್ಧ ಹತ್ತಾರು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. 2000ದ ಡಿಸೆಂಬರಿನಲ್ಲಿ ಅಲ್ಜಿಯರ್ಸ್ ಒಪ್ಪಂದವಾಯಿತು, 2002ರಲ್ಲಿ ಗಡಿ ಆಯೋಗ ಬಡ್ಮೆ ಎರಿಟ್ರಿಯದ್ದೆಂದು ತೀರ್ಪಿತ್ತಿತು. ಅದನ್ನು ಬೇಷರತ್ತಾಗಿ ಒಪ್ಪಲು ಇಥಿಯೋಪಿಯ 2018ರವರೆಗೆ, ಅಬಿಯ್ ಅಹಮದ್ ಪ್ರಧಾನಿಯಾಗುವವರೆಗೆ, ಸಮಯ ತೆಗೆದುಕೊಂಡಿತು. ಈ ನಡುವೆ ಎರಿಟ್ರಿಯದೊಳಗೆ 1997ರಲ್ಲಿ ಅಂಗೀಕಾರವಾದ ಸಂವಿಧಾನ ಜಾರಿಯಾಗಲಿಲ್ಲ, ರಾಷ್ಟ್ರೀಯ ಚುನಾವಣೆ ನಡೆಯಲಿಲ್ಲ, ಹದಿನೆಂಟು ತಿಂಗಳೆಂದಿದ್ದ ಕಡ್ಡಾಯ ಸೇವೆಗೆ ಕೊನೆಯೇ ಇಲ್ಲದಂತಾಯಿತು. 2001ರ ಸೆಪ್ಟೆಂಬರಿನಲ್ಲಿ ಸುಧಾರಣೆ ಕೇಳಿದ ಹಿರಿಯ ಹೋರಾಟಗಾರರನ್ನು ಬಂಧಿಸಿ, ಖಾಸಗಿ ಪತ್ರಿಕೆಗಳನ್ನು ಮುಚ್ಚಲಾಯಿತು. ಇದಕ್ಕೆ ಯುದ್ಧದ ಭೀತಿಯೊಂದೇ ಕಾರಣವೆಂಬ ಸರ್ಕಾರದ ವಿವರಣೆ ನನಗೆ ಸಾಲದು. ಆಜ್ಞೆಯಿಂದ ನಡೆಯುವ ಅಭ್ಯಾಸ ಸಹೇಲ್‌ನ ಕಂದಕಗಳಲ್ಲೇ ಬೇರುಬಿಟ್ಟಿತ್ತು.

ಇಥಿಯೋಪಿಯದಲ್ಲಿ 1991ರ ಒಪ್ಪಿಗೆಯನ್ನು ಅಂದಿನಿಂದಲೂ ಪ್ರಶ್ನಿಸುವವರಿದ್ದಾರೆ. ಚುನಾವಣೆಯಿಂದ ಬಾರದ ಮಧ್ಯಂತರ ಸರ್ಕಾರವೊಂದು ದೇಶದ ಇಡೀ ಕರಾವಳಿಯನ್ನು ಬಿಟ್ಟುಕೊಟ್ಟಿತು, ಅಸಾಬ್ ಬಂದರನ್ನಾದರೂ ಉಳಿಸಿಕೊಳ್ಳಬೇಕಿತ್ತು ಎಂಬುದು ಅವರ ದೂರು. 1998ರ ಯುದ್ಧದ ನಂತರ ಇಥಿಯೋಪಿಯದ ವ್ಯಾಪಾರವೆಲ್ಲ ಬಹುಮಟ್ಟಿಗೆ ಜಿಬೂಟಿಯ ಮೂಲಕ ಸಾಗಬೇಕಾದದ್ದರಿಂದ ಆ ದೂರಿಗೆ ಬಲ ಬಂದಿತು. 2023ರ ಅಕ್ಟೋಬರಿನಲ್ಲಿ ಅಬಿಯ್ ಅಹಮದ್ ಕೆಂಪು ಸಮುದ್ರಕ್ಕೆ ದಾರಿ ತಮ್ಮ ದೇಶದ ಅಳಿವು ಉಳಿವಿನ ವಿಷಯವೆಂದು ಬಹಿರಂಗವಾಗಿ ಹೇಳಿದ ಮೇಲೆ ಅಸ್ಮಾರ ಮತ್ತೆ ಎಚ್ಚರವಾಗಿದೆ. ಕಾನೂನಿನ ದೃಷ್ಟಿಯಿಂದ ಅಸಾಬ್‌ನ ಒಡೆತನದ ಪ್ರಶ್ನೆ 1993ಕ್ಕೇ ಮುಗಿದಿದೆ. ಬಾಕಿ ಇರುವುದು ಆ ಬಂದರನ್ನು ಯಾವ ಬಾಡಿಗೆಗೆ, ಯಾವ ಷರತ್ತಿನ ಮೇಲೆ ನೆರೆಯವರು ಬಳಸಬಹುದೆಂಬ ಮಾತುಕತೆ, ಅದಂತೂ ಮೂವತ್ತು ವರ್ಷದ ಹಿಂದೆಯೇ ಆಗಬೇಕಿತ್ತು.